ಇತರೆ ಆದಾಯ

ಮತ್ತೆ ಆ ವಾಸನೆ, ಹಂದಿಯ ಲಿವರ್ ಅರೆದು ಬೇಯಿಸಿದ ಆ ಕಂದು ಮುದ್ದೆಯದ್ದು, ಟ್ರೋಲ್ಸ್ ಅದನ್ನು ಕಪ್ಪು ಬ್ರೆಡ್ಡಿನ ಮೇಲೆ ಸವರುತ್ತಿದ್ದಾನೆ, ಚಾಕು ಬ್ರೆಡ್ಡಿನ ಒರಟು ಮೈಗೆ ಕರಕರ ಉಜ್ಜುತ್ತಿದೆ, ಮುಗಿಯಿತು ಅಂದುಕೊಂಡರೆ ಇನ್ನೊಂದು ತುಂಡು ತೆಗೆದುಕೊಳ್ಳುತ್ತಾನೆ, ಮೇಲೆ ಹುಳಿನೀರಿನ ಬೀಟ್‌ರೂಟು, ಅದರ ಕೆಂಪು ಕಂದಿನೊಳಗೆ ಇಳಿಯುವುದನ್ನು ನೋಡಬಾರದು, ನೋಡಬಾರದು ಅಂದುಕೊಂಡೇ ನೋಡುತ್ತೇನೆ — ಮೂವತ್ತು ವಾರವಾಯಿತು, ವಾಕರಿಕೆ ಹೋಗಿಲ್ಲ, ಸೂಲಗಿತ್ತಿ ಮೊದಲು ಹನ್ನೆರಡಕ್ಕೆ ಹೋಗುತ್ತೆ ಅಂದಳು, ಆಮೇಲೆ ಹದಿನಾರಕ್ಕೆ, ಈಗ ಕೇಳಿದರೆ ಕೆಲವರಿಗೆ ಹೆರಿಗೆವರೆಗೂ ಇರುತ್ತೆ ಮೈಕೆನ್, ಏನು ಮಾಡೋಕಾಗುತ್ತೆ ಅಂತ ನಗುತ್ತಾಳೆ, ಅವಳ ಬಾಯಿಯಿಂದ ಬರುವ ಕಾಫಿಯ ವಾಸನೆಗೂ ಮುಖ ತಿರುಗಿಸುತ್ತೇನೆ. ಭಾನುವಾರ, ಹನ್ನೊಂದು ಗಂಟೆ, ಆಗಸ್ಟಿನ ಕೊನೆಯ ಬಿಸಿಲು ಮೇಜಿನ ಮೇಲೆ, ಲ್ಯಾಪ್‌ಟಾಪಿನ ಪರದೆಯ ಮೇಲಿನ ಬೆರಳಚ್ಚುಗಳೆಲ್ಲ ಕಾಣುತ್ತಿವೆ, ಅದರ ಹಿಂದೆ ಪಟ್ಟಿ, ತಲೆಬರಹ ಟ್ರೋಲ್ಸ್ ಕೊಟ್ಟದ್ದು, ದಪ್ಪ ಅಕ್ಷರದಲ್ಲಿ, ಮೊದಲ ಮಗು, ತಿಂಗಳ ಖರ್ಚು. ಶಾಲೆಯಲ್ಲಿ ವ್ಯಾಯಾಮವನ್ನೂ ಗಣಿತವನ್ನೂ ಕಲಿಸುವವನು, ಸಾಲುಗಳಿಗೆ ಬಣ್ಣ ಹಚ್ಚಿದ್ದಾನೆ, ಖರ್ಚಿಗೆ ಕೆಂಪು, ಬರುವುದಕ್ಕೆ ಹಸಿರು. ಡಯಾಪರ್ ಮುನ್ನೂರೈವತ್ತು, ಬಟ್ಟೆದು ಹಾಕಿದ್ರೆ ಉಳಿಯುತ್ತೆ ಕಣೇ ಅನ್ನುತ್ತಾನೆ ಬಾಯಿ ತುಂಬಿಕೊಂಡು, ಉಳಿಯುತ್ತೆ, ಒಗೆಯೋದು ಯಾರು ಅನ್ನುತ್ತೇನೆ, ಮಷೀನು ಅನ್ನುತ್ತಾನೆ, ಮಷೀನಿಗೆ ಹಾಕೋ ಮುಂಚೆ ಕೆರೆದು ತೆಗೆಯೋದು ಯಾರು ಅಂದರೆ ನಗುತ್ತಾನೆ, ಹಲ್ಲಿನ ಸಂದಿನಲ್ಲಿ ಕಂದು. ಒರೆಸುವ ಕಾಗದ, ಕ್ರೀಮು, ವಿಟಮಿನ್ ಹನಿ, ಸಂಜೆಯ ಅಂಬಲಿ, ಹತ್ತನೆಯ ತಿಂಗಳಿನಿಂದ ಶಿಶುವಿಹಾರ ನಾಲ್ಕು ಸಾವಿರದ ಇನ್ನೂರು ಕ್ರೋನರ್, ಸ್ನಾನದ ಟಬ್ಬನ್ನು ಆರು ತಿಂಗಳಿಗೆ ಹಂಚಿ ತಿಂಗಳಿಗೆ ನಲವತ್ತು, ಅಷ್ಟು ಚೊಕ್ಕಟ. ಅದರ ಕೆಳಗೆ ಹಾಲು, ಎದುರಿಗೆ ಸೊನ್ನೆ. ಸೊನ್ನೆ ಯಾಕೆ? ನೀನು ಕುಡಿಸ್ತೀಯಲ್ಲ, ಅದು ಪುಕ್ಕಟೆ ತಾನೆ. ನಾನು ಹಾಲಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಒಂಬತ್ತು ವರ್ಷದಿಂದ ಹಾಲು ಪರೀಕ್ಷೆ ಮಾಡುವವಳು, ಒಂದೊಂದು ಟ್ಯಾಂಕರಿನಿಂದ ಒಂದೊಂದು ಚಿಕ್ಕ ಲೋಟ, ಮುಚ್ಚಳ, ಚೀಟಿ, ಯಾವ ಹಾಲಿಗೂ ಸೊನ್ನೆ ಎಂಬ ಬೆಲೆ ಬಿದ್ದದ್ದನ್ನು ನೋಡಿಲ್ಲ, ಹುಳಿತು ಚರಂಡಿಗೆ ಹೋಗುವುದಕ್ಕೂ ಒಂದು ಬೆಲೆ ಇರುತ್ತದೆ, ಆದರೂ ಮುಂದಿನ ಸಾಲಿಗೆ ಹೋದೆ, ಸೊನ್ನೆ ಇರಲಿ.

ಒಟ್ಟು ಕೂಡಿದಾಗ ಸಾವಿರದ ಒಂಬೈನೂರು ಕಡಿಮೆ, ತಿಂಗಳು ತಿಂಗಳೂ ಕಡಿಮೆ, ನನ್ನ ಹೆರಿಗೆ ರಜೆಯ ಭತ್ಯೆ ಸಂಬಳದ ಮುಕ್ಕಾಲಿಗೂ ಮುಟ್ಟುವುದಿಲ್ಲ, ಮಕ್ಕಳಿಗೆ ಸರ್ಕಾರ ಕೊಡುವುದನ್ನು ಸೇರಿಸಿಯೇ ಇಷ್ಟು, ಕಾರಿನದು ಕಡಿಮೆ ಮಾಡಿದೆ, ನನ್ನ ಈಜುಕೊಳದ ಕಾರ್ಡು ತೆಗೆದೆ, ಆದರೂ ಆ ಕೆಳಗಿನ ಮನೆಯಲ್ಲಿ ಕೆಂಪು. ಇತರೆ ಆದಾಯ ಅಂತ ಒಂದು ಸಾಲು ಸೇರಿಸು, ಎರಡು ಸಾವಿರದ ನಾನೂರು ಹಾಕು — ಟ್ರೋಲ್ಸ್ ಹೇಳಿದ್ದು, ಬೆನ್ನು ನನ್ನ ಕಡೆಗೆ, ಸಿಂಕಿನಲ್ಲಿ ಚಾಕು ತೊಳೆಯುತ್ತ. ಹ್ಯಾಂಡ್‌ಬಾಲ್ ರೆಫರಿ ದುಡ್ಡಾ ಅಂದೆ. ಅದು ಚಳಿಗಾಲದಲ್ಲಿ ಮಾತ್ರ, ಇದು ಬೇರೆ. ಯಾವ ಬೇರೆ? ಬರ್ತಾ ಇದೆ ಕಣೇ, ಏಪ್ರಿಲ್‌ನಿಂದ ನಮ್ಮಿಬ್ಬರ ಖಾತೆಗೇ ಬರ್ತಾ ಇದೆ, ನೀನು ನೋಡಿಲ್ವಾ. ನೋಡಿರಲಿಲ್ಲ, ನಾನು ಖಾತೆ ತೆರೆದು ನೋಡುವುದು ಬಾಡಿಗೆಯ ದಿನ ಮಾತ್ರ, ಈಗ ತೆರೆದೆ, ಏಪ್ರಿಲ್, ಮೇ, ಜೂನ್, ಜುಲೈ, ಆಗಸ್ಟ್, ಎಲ್ಲ ತಿಂಗಳೂ ಹದಿನೈದಕ್ಕೆ, ಔಷಧಿ ಅಂಗಡಿಯ ಹಾಗೆ ಕೇಳಿಸುವ ಒಂದು ಹೆಸರು, ಪರಿಹಾರ ಧನ ಅಂತ ಬರೆದಿದೆ. ಯಾತರ ಪರಿಹಾರ ಟ್ರೋಲ್ಸ್? ನಲ್ಲಿ ನಿಲ್ಲಿಸಿದ, ಕೈ ಒರೆಸಿಕೊಂಡ, ಬೆರಳು ಬೆರಳಿನ ಸಂದಿಯನ್ನೂ ನಿಧಾನವಾಗಿ ಒರೆಸಿಕೊಂಡ, ಆಮೇಲೆ ಗ್ರಂಥಾಲಯಕ್ಕೆ ಪುಸ್ತಕ ಹಿಂದಿರುಗಿಸಿ ಬಂದೆ ಎನ್ನುವ ದನಿಯಲ್ಲಿ, ವೀರ್ಯ ಬ್ಯಾಂಕು, ಆರ್ಹುಸ್‌ನಲ್ಲಿ, ಸ್ಟೇಷನ್ ಹತ್ತಿರ, ಮಂಗಳವಾರ ಶುಕ್ರವಾರ ಶಾಲೆಗೆ ಹೋಗೋ ಮುಂಚೆ ಹೋಗಿ ಬರ್ತೀನಿ, ಸಲಕ್ಕೆ ಮುನ್ನೂರು, ತಿಂಗಳಿಗೆ ಎಂಟು ಸಲ. ಹೊರದೇಶಕ್ಕೆ ಬೆಣ್ಣೆ ಕಳಿಸ್ತೀವಿ, ಬೇಕನ್ ಕಳಿಸ್ತೀವಿ, ಇದೂ ಒಂದು, ನಮ್ಮ ದೇಶಕ್ಕೆ ಹೆಸರೇ ಇದೆಯಲ್ಲ ಅಂತ ನಕ್ಕ, ನಾನೂ ನಗುತ್ತೇನೆ ಅಂದುಕೊಂಡಿದ್ದ ಅನಿಸುತ್ತದೆ, ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ, ರಕ್ತದಾನ ಮಾಡಿದ ಹಾಗೆ ಮೈಕೆನ್, ಅಷ್ಟೇ, ಡಯಾಪರ್ ದುಡ್ಡು ಅಂದ್ಕೋ.

ಡಯಾಪರ್ ದುಡ್ಡು. ಮಂಗಳವಾರ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮೀಟಿಂಗು ಅನ್ನುತ್ತಿದ್ದ, ನಾನು ಬಾತ್‌ರೂಮಿನಲ್ಲಿ ಕಮೋಡು ತಬ್ಬಿಕೊಂಡು ಕೂತಿರುತ್ತಿದ್ದೆ, ಬಾಗಿಲಾಚೆಯಿಂದ ಹೊರಟೆ ಕಣೇ ಅನ್ನುತ್ತಿದ್ದ, ಸೈಕಲ್ ಕೀಲಿಯ ಸದ್ದು, ಯಾವ ಶಾಲೆಯಲ್ಲಿ ವಾರಕ್ಕೆರಡು ದಿನ ಏಳಕ್ಕೆ ಮೀಟಿಂಗು ಇಡುತ್ತಾರೆ, ಕೇಳಲೇ ಇಲ್ಲ ನಾನು, ಬಾಯಿ ತುಂಬ ಕಹಿ ಇಟ್ಟುಕೊಂಡು ಹುಷಾರಾಗಿ ಹೋಗು ಅಂದೆ, ಹುಷಾರಾಗಿ ಹೋಗಿ ಒಂದು ಪುಟ್ಟ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಒರೆಸಿದರೆ ಹೋಗುವ ಪ್ಲಾಸ್ಟಿಕ್ ಹೊದಿಕೆಯ ಕುರ್ಚಿ ಇರಬೇಕು, ಗೋಡೆಯ ಮೇಲೆ ಸಮುದ್ರದ ಚಿತ್ರ ಇರಬೇಕು, ಚಿಕ್ಕ ಲೋಟ, ಮುಚ್ಚಳ, ಚೀಟಿ — ಥೂ, ನನ್ನ ಲೋಟಗಳು, ನಾನು ದಿನಕ್ಕೆ ನಾನೂರು ಮುಟ್ಟುವ ಲೋಟಗಳು, ನಾಳೆ ಹೇಗೆ ಮುಟ್ಟಲಿ. ಮೇಜಿನ ಮೇಲೆ ಅವನ ಕೈ ಇದೆ, ತೊಳೆದು ಕೆಂಪಾದ ಕೈ, ಅದೇ ಕೈಯಿಂದ ನನ್ನ ಹೊಟ್ಟೆಗೆ ಎಣ್ಣೆ ಹಚ್ಚುತ್ತಾನೆ. ಆದರೆ ಇದರಲ್ಲಿ ಹೇಸುವುದೇನಿದೆ, ನಾನೇನು ನನ್ನಜ್ಜಿಯ ಕಾಲದವಳೆ, ಪ್ರಯೋಗಾಲಯದ ಸಿಡ್ಸೆಲ್ ಒಬ್ಬಂಟಿ, ಅವಳು ಇಂಥ ಕಡೆಯಿಂದಲೇ ತರಿಸಿಕೊಂಡು ಮಗು ಮಾಡಿಕೊಂಡಳು, ನಾವೆಲ್ಲ ಕೇಕು ತಂದೆವು, ನಾನು ಆ ಮಗುವನ್ನು ಎತ್ತಿಕೊಂಡು ಕೂದಲು ಮೂಸಿದ್ದೆ, ಯಾರೋ ಒಬ್ಬ ಪುಣ್ಯಾತ್ಮ ಕೊಟ್ಟದ್ದು ಅಂತ ಅವಳು ಅಂದಾಗ ಹೌದು ಪುಣ್ಯಾತ್ಮ ಅಂದಿದ್ದೆ, ಪುಣ್ಯಾತ್ಮ ಹಾಗಿದ್ದರೆ ಹೀಗೇ ಇರುತ್ತಾನೆ, ಬೀಟ್‌ರೂಟು ತಿಂದು ಚಾಕು ತೊಳೆದಿಡುತ್ತಾನೆ — ಸಿಡ್ಸೆಲಳ ಹುಡುಗಿಗೆ ಮೂರು ವರ್ಷ, ಸದ್ಯ, ಲೆಕ್ಕಕ್ಕೆ ಬರುವುದಿಲ್ಲ, ನೋಡು, ಆಗಲೇ ಲೆಕ್ಕ ಹಾಕುತ್ತಿದ್ದೇನೆ. ಏಪ್ರಿಲ್‌ನಿಂದ ಅಂದೆಯಲ್ಲ, ಶುರು ಮಾಡಿದ್ದೂ ಆವಾಗ್ಲೇನಾ? ಟ್ರೋಲ್ಸ್ ಕುರ್ಚಿ ಎಳೆದುಕೊಂಡು ಕೂತ. ಇಲ್ಲ, ಅದಕ್ಕೂ ಮುಂಚೆ ನನ್ನ ಖಾತೆಗೆ ಬರ್ತಿತ್ತು, ನೀನು ಬಸುರಿ ಅಂತ ಗೊತ್ತಾದ ಮೇಲೆ ಇಬ್ಬರದಕ್ಕೆ ಬದಲಾಯಿಸಿದೆ, ಮಗುಗೆ ಅಂತ. ಯಾವಾಗ್ಲಿಂದ ಟ್ರೋಲ್ಸ್? ಹೋದ ವರ್ಷ — ಇಲ್ಲ, ಅದರ ಹಿಂದಿನ ವರ್ಷ ಅಕ್ಟೋಬರ್. ಇಪ್ಪತ್ತೆರಡು ತಿಂಗಳು. ಹಾಗಾದ್ರೆ ಹುಟ್ಟಿವೆಯಾ? ಕೇಳಬಾರದಿತ್ತು, ಕೇಳಿದೆ. ಒಂದ್ಸಲ ಕೇಳಿದ್ದೆ, ಅವರು ಹೆಸರು ಊರು ಏನೂ ಹೇಳಲ್ಲ, ಸಂಖ್ಯೆ ಮಾತ್ರ, ನಾಲ್ಕು ಅಂದ್ರು, ಅದೂ ಜೂನ್‌ನಲ್ಲಿ. ನಾಲ್ಕು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಮೊದಲ ಮಗು. ಗಣಿತದ ಮೇಷ್ಟ್ರು.

ಆ ಅಕ್ಟೋಬರ್ ನನಗೆ ನೆನಪಿದೆ, ಮಗು ಬೇಕೆಂದು ಶುರು ಮಾಡಿ ಆಗ ಆರು ತಿಂಗಳಾಗಿತ್ತು, ಆರು ಸಲ ರಕ್ತ ಕಂಡಾಗಿತ್ತು, ಡಾಕ್ಟರು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಅಂದಿದ್ದರು, ಟ್ರೋಲ್ಸ್ ಹೋಗಿ ಬಂದು ಎಲ್ಲ ಸರಿಯಾಗಿದೆಯಂತೆ ಅಂದಿದ್ದ, ಅಷ್ಟೇ ಅಂದಿದ್ದ. ಸರಿಯಾಗಿದೆ ಅಂದ್ರೆ ಎಷ್ಟು ಸರಿ, ಈಗ ಕೇಳುತ್ತೇನೆ, ಅವನು ಕತ್ತು ತುರಿಸಿಕೊಳ್ಳುತ್ತಾನೆ, ತುಂಬಾ ಚೆನ್ನಾಗಿದೆ ಅಂದ್ರು, ಇಷ್ಟು ಚೆನ್ನಾಗಿರೋದು ನೂರಕ್ಕೆ ಐದು ಜನರಿಗೆ ಅಂತ ಆ ನರ್ಸು ತಮಾಷೆ ಮಾಡಿದಳು, ನೀವು ಬ್ಯಾಂಕಿಗೇ ಕೊಡಬಹುದು ಅಂತ, ಅಲ್ಲಿಂದ ತಲೆಗೆ ಬಂತು, ನಿನಗೆ ಹೇಳಿದ್ರೆ ತೊಂದರೆ ನಿನ್ನದೇ ಅಂತ ಹೇಳಿದ ಹಾಗಾಗುತ್ತೆ ಅಂತ ಹೇಳಲಿಲ್ಲ ಮೈಕೆನ್. ಒಳ್ಳೆಯವನು, ನನ್ನ ಮನಸ್ಸು ನೋಯಬಾರದು ಅಂತ. ಆಮೇಲೆ ಬಾಯಿ ಜಾರಿ ಅಂದದ್ದು, ಅದನ್ನು ಅವನು ಹೇಳದೇ ಇದ್ದಿದ್ದರೆ ಈ ಭಾನುವಾರ ಹೇಗೋ ಕಳೆದುಹೋಗುತ್ತಿತ್ತು, ನಾನು ಒಂದು ಗಂಟೆ ಮುಖ ಸಿಂಡರಿಸಿಕೊಂಡು ಆಮೇಲೆ ಹಸಿರು ಸಾಲಿನಲ್ಲಿ ಎರಡು ಸಾವಿರದ ನಾನೂರು ಹಾಕಿಬಿಡುತ್ತಿದ್ದೆನೋ ಏನೋ — ಸುಲಭ ಏನಲ್ಲ ಕಣೇ ಅದು, ಹೋಗೋ ಎರಡು ದಿನ ಮುಂಚಿಂದ ತಡೆದಿಟ್ಕೋಬೇಕು, ಇಲ್ದಿದ್ರೆ ಸಂಖ್ಯೆ ಕಡಿಮೆ ಬರುತ್ತೆ, ಕಡಿಮೆ ಬಂದ್ರೆ ದುಡ್ಡಿಲ್ಲ. ಎರಡು ದಿನ ಮುಂಚಿಂದ. ಮಂಗಳವಾರಕ್ಕೆ ಭಾನುವಾರ ಸೋಮವಾರ. ಶುಕ್ರವಾರಕ್ಕೆ ಬುಧವಾರ ಗುರುವಾರ. ನನ್ನ ಫೋನಿನಲ್ಲಿ ಹಸಿರು ದಿನಗಳಿದ್ದವು, ಗರ್ಭ ನಿಲ್ಲಬಹುದಾದ ದಿನಗಳು, ಪ್ರತಿ ತಿಂಗಳೂ ನಾಲ್ಕೈದು, ಬೆಳಗಾಗೆದ್ದು ಥರ್ಮಾಮೀಟರ್ ನಾಲಿಗೆ ಕೆಳಗಿಟ್ಟುಕೊಂಡು ಗುರುತು ಹಾಕಿದ ದಿನಗಳು, ಟ್ರೋಲ್ಸ್ ಇವತ್ತು ಹಸಿರು ಅಂತ ಹೇಳಲು ನಾಚಿಕೆಯಾಗಿ ಅಡುಗೆಮನೆಯ ಕಿಟಕಿಯಲ್ಲಿ ಹಸಿರು ಬಟ್ಟಲು ಇಡುತ್ತಿದ್ದೆ, ಅವನಿಗೆ ಅರ್ಥವಾಗುತ್ತಿತ್ತು, ಬಟ್ಟಲು ನೋಡುತ್ತಿದ್ದ, ಬೆನ್ನು ಹಿಡ್ಕೊಂಡಿದೆ ಕಣೇ, ಜಿಮ್ನಾಸ್ಟಿಕ್ ಮ್ಯಾಟು ಎತ್ತಿ ಎತ್ತಿ, ಶುಕ್ರವಾರ ನೋಡೋಣ್ವಾ ಅನ್ನುತ್ತಿದ್ದ. ಶುಕ್ರವಾರ ನೋಡೋಣ್ವಾ! ಗುರುವಾರಗಳು, ಎಷ್ಟು ಗುರುವಾರಗಳು, ನಾನು ಸ್ನಾನ ಮಾಡಿ ಆ ನೀಲಿ ಅಂಗಿ ಹಾಕಿಕೊಂಡು ಬಂದು ಮಲಗಿದ ಗುರುವಾರಗಳು, ಅವನು ಹಣೆಗೆ ಮುತ್ತು ಕೊಟ್ಟು ಆ ಕಡೆ ತಿರುಗಿಕೊಂಡ ಗುರುವಾರಗಳು. ನನ್ನ ಮೈ ಅವನಿಗೆ ಬೇಡವಾಗಿದೆ ಅಂದುಕೊಂಡಿದ್ದೆ. ಎರಡು ವರ್ಷ ಅಂದುಕೊಂಡೆ. ಹೊಟ್ಟೆ ಬಂದ ಮೇಲಂತೂ ಬಟ್ಟೆ ಬದಲಾಯಿಸುವುದಕ್ಕೂ ಬಾತ್‌ರೂಮಿಗೆ ಹೋಗುತ್ತೇನೆ, ದೀಪ ಆರಿಸಿದ ಮೇಲೆ ಹೊರಗೆ ಬರುತ್ತೇನೆ, ಈ ಕಪ್ಪು ಗೆರೆ, ಊದಿದ ಕಾಲು, ಹೇಸಿಗೆಯಾಗಿರಬೇಕು ಪಾಪ ಅವನಿಗೆ ಅಂತ ಅವನ ಮೇಲೆ ಕನಿಕರ ಪಟ್ಟೆನಲ್ಲ, ಅವನು ಸರಕು ಕಾಯ್ದಿಟ್ಟುಕೊಳ್ಳುತ್ತಿದ್ದ, ಮುನ್ನೂರು ಕ್ರೋನರಿನದು, ಮೈಗೆ ಮೈ ತಗಲಿದರೆ ನಷ್ಟ. ಗುರುವಾರ ಹಸಿರು ಬಟ್ಟಲು ಇಟ್ಟಿದ್ದು ನಿನಗೆ ಕಾಣ್ತಿತ್ತು ಅಲ್ವಾ ಟ್ರೋಲ್ಸ್. ಒಂದೆರಡು ಸಲ ಇರಬಹುದು, ಅಂದ. ಹಾಗಾದರೆ ಈ ಮಗು ಹೇಗಾಯಿತು, ಬಾಯಿಬಿಟ್ಟು ಕೇಳಲಿಲ್ಲ, ಕೇಳುವ ಮುಂಚೆಯೇ ತಿಳಿಯಿತು, ಫೆಬ್ರವರಿ, ಚಳಿಗಾಲದ ರಜೆ, ನಾರ್ವೆಯಲ್ಲಿ ಹಿಮದ ಮೇಲಿನ ಆ ಮರದ ಮನೆ, ಎಂಟು ದಿನ, ಬೆಟ್ಟದ ಗಾಳಿಗೆ ಆಯ್ತು ಅಂತ ಊರಿಗೆಲ್ಲ ಹೇಳಿದೆ, ಗಾಳಿಯೂ ಅಲ್ಲ ಬೆಟ್ಟವೂ ಅಲ್ಲ, ಆ ವಾರ ಅವನಿಗೆ ಆರ್ಹುಸ್‌ಗೆ ಹೋಗಲು ಆಗುತ್ತಿರಲಿಲ್ಲ, ಅಷ್ಟೇ, ಕೊಡಲು ಬೇರೆ ಕಡೆ ಇರಲಿಲ್ಲ, ನನಗೆ ಕೊಟ್ಟ.

ಎದ್ದು ಸಿಂಕಿಗೆ ಹೋದೆ, ಬಂದದ್ದು ಬರೀ ನೀರು, ಹಳದಿ ಹುಳಿ ನೀರು, ಅವನು ಬೆನ್ನ ಮೇಲೆ ಕೈ ಇಡಲು ಬಂದ, ಮುಟ್ಟಬೇಡ ಅಂದೆ, ಎರಡೂ ಕೈ ಮೇಲೆತ್ತಿ ಹಿಂದೆ ಸರಿದ, ಮಕ್ಕಳ ಜಗಳ ಬಿಡಿಸುವಾಗ ಹಾಗೇ ಮಾಡುತ್ತಾನೆ. ಅಷ್ಟರಲ್ಲಿ ಕೆಳಗಿನಿಂದ ಗಂಟೆ, ಬಿರ್ಟೆ, ಅವನಮ್ಮ, ಅಕ್ಕಪಕ್ಕದಲ್ಲಿ ಯಾರೋ ಮಾರುತ್ತಿದ್ದ, ಮಗುವನ್ನು ಮಲಗಿಸಿ ತಳ್ಳುವ ಗಾಡಿ ತಂದಿದ್ದಾಳೆ, ಅದಕ್ಕೇ ಇವತ್ತು ಬರುತ್ತೇನೆ ಅಂದಿದ್ದಳು, ಬೂಟುಗಾಲಲ್ಲಿ ಮೆಟ್ಟಿಲು ಹತ್ತುವ ಸದ್ದು, ಒಳಗೆ ಬರುತ್ತಲೇ ಗಾಡಿ ಕೆಳಗಿದೆ, ದೊಡ್ಡದು, ಚಕ್ರಕ್ಕೆ ಗಾಳಿ ಹಾಕಿದ್ರೆ ಆಯ್ತು, ಒಳಗಡೆ ಸ್ವಲ್ಪ ಬೂಷ್ಟು ವಾಸನೆ, ವಿನೆಗರ್ ಹಾಕಿ ಉಜ್ಜು, ಯಾಕೆ ಹಿಂಗೆ ನಿಂತಿದೀರಾ ಇಬ್ರೂ, ಯಾರಾದ್ರೂ ಸತ್ರಾ? ನಾನು ಹೇಳಿಬಿಟ್ಟೆ, ಟ್ರೋಲ್ಸ್ ತಡೆಯುವ ಮುಂಚೆ, ನಿನ್ನ ಮಗ ವೀರ್ಯ ಮಾರ್ತಾನಂತೆ ಬಿರ್ಟೆ. ಅವಳ ಮುಖದಲ್ಲಿ ಬೆಚ್ಚಿದ್ದು ಕಾಣಲಿಲ್ಲ, ಕಂಡದ್ದು ಸಮಾಧಾನ, ಓ, ಕೊನೆಗೂ ಹೇಳಿದ್ನಾ, ನಾನು ಹೇಳ್ತಾನೇ ಇದ್ದೆ ಮೈಕೆನ್‌ಗೆ ಹೇಳು ಅಂತ. ಗೊತ್ತಿತ್ತು ಇವಳಿಗೆ. ಕೋಟು ಬಿಚ್ಚಿ ಕೂತಳು, ಕಾಫಿ ಇದ್ಯಾ ಅಂದಳು. ನೋಡೇ, ನಿನ್ನ ಮಾವ ಮೂವತ್ತೊಂದು ವರ್ಷ ಮಾಡಿದ್ದೇನು, ಹೋರಿದು ತಗೊಂಡು ಹಸುಗೆ ಹಾಕಿದ್ದು, ಬೆಳಿಗ್ಗೆ ಆರಕ್ಕೆ ಮೊದಲನೇ ಕೊಟ್ಟಿಗೆ, ಕೈ ಮೊಣಕೈತನಕ ಹಸು ಒಳಗೆ, ಮಧ್ಯಾಹ್ನ ಅದೇ ಕೈಲಿ ಊಟ, ನನಗೇನೂ ಹೇಸಿಗೆ ಆಗಿಲ್ಲ, ಆ ದುಡ್ಡಲ್ಲೇ ಇವನು ಬೆಳೆದಿದ್ದು, ಹೋರಿ ಏನು ಕರುಗಳಿಗೆ ಕಾಗದ ಬರೆಯುತ್ತಾ. ಅಮ್ಮ ಸಾಕು, ಅಂದ ಟ್ರೋಲ್ಸ್. ಏನು ಸಾಕು, ನಿನ್ನ ಫೋಟೋ ಬೇಕು ಅಂತ ಬಂದಾಗ ಸಾಕು ಅನ್ನಲಿಲ್ಲ. ಯಾವ ಫೋಟೋ? ಕೇಳಿದ್ದು ನಾನು. ಅಲ್ಲಿಗೆ ಚಿಕ್ಕಂದಿನ ಫೋಟೋ ಕೊಡಬೇಕಂತೆ ಕಣೇ, ಕೊಳ್ಳೋರು ನೋಡ್ತಾರಲ್ಲ, ಅದೇ ನಮ್ಮನೆ ಹಜಾರದ್ದು, ತೊಟ್ಟೀಲಿ ಕೂತಿದಾನಲ್ಲ, ಅದು. ಆ ಚಿತ್ರ ನನಗೆ ಗೊತ್ತಿದೆ, ಬಿರ್ಟೆಯ ಮನೆಗೆ ಹೋದಾಗಲೆಲ್ಲ ಕೋಟು ತೂಗುಹಾಕುವ ನೆಪದಲ್ಲಿ ಅದರ ಮುಂದೆ ನಿಂತಿದ್ದೇನೆ, ಎರಡು ವರ್ಷ, ಪ್ರತಿ ಸಲ ರಕ್ತ ಕಂಡ ಮೇಲೂ ನಿಂತಿದ್ದೇನೆ — ಅಂಗಳದ ಹುಲ್ಲಿನ ಮೇಲೆ ಸತುವಿನ ತೊಟ್ಟಿ, ಅದರಲ್ಲಿ ಎರಡು ವರ್ಷದವನು, ಬೆತ್ತಲೆ, ಕಿವಿ ಎರಡೂ ಅಗಲ, ಬಿಸಿಲಿಗೆ ಒಂದು ಕಣ್ಣು ಮುಚ್ಚಿ, ನೀರಿನಲ್ಲಿ ನೆನೆದು ಕರಗುತ್ತಿರುವ ಬಿಸ್ಕತ್ತನ್ನು ಕ್ಯಾಮೆರಾದ ಕಡೆಗೆ ಚಾಚಿದ್ದಾನೆ, ತಗೋ ಅನ್ನುವ ಹಾಗೆ. ನನಗೇ ಚಾಚಿದ್ದಾನೆ ಅಂದುಕೊಳ್ಳುತ್ತಿದ್ದೆ. ಇಂಥದ್ದೊಂದು ಕೊಡು ಅಂತ ಯಾರನ್ನು ಕೇಳುತ್ತಿದ್ದೆನೋ, ಗೋಡೆಯನ್ನು ಕೇಳುತ್ತಿದ್ದೆ.

ತೋರಿಸು, ಅಂದೆ. ಬೇಡ ಮೈಕೆನ್. ತೋರಿಸು. ಲೆಕ್ಕದ ಪಟ್ಟಿಯ ಪಕ್ಕದಲ್ಲೇ ಅವನು ಅದನ್ನು ತೆರೆದ, ಬಿಳಿ ಪುಟ, ತಿಳಿನೀಲಿ ಗೆರೆಗಳು, ಬಟ್ಟೆ ಅಂಗಡಿಯ ಹಾಗೆ, ಎತ್ತರ, ಕಣ್ಣಿನ ಬಣ್ಣ, ಪಾದದ ಅಳತೆ, ಹೆಸರಿನ ಜಾಗದಲ್ಲಿ ಯಾರದೋ ಹೆಸರು, ಎಮಿಲ್ ಅಂತ, ಮತ್ತೆ ಸತುವಿನ ತೊಟ್ಟಿ, ಚಾಚಿದ ಕೈ, ಅದರ ಕೆಳಗೆ ಯೂರೋದಲ್ಲಿ ಬೆಲೆ, ಪಕ್ಕದಲ್ಲಿ ಸಾಮಾನು ತುಂಬುವ ತಳ್ಳುಗಾಡಿಯ ಗುರುತು. ಕೆಳಗೆ ಇನ್ನೊಂದು ಗುರುತು, ಧ್ವನಿ. ಟ್ರೋಲ್ಸ್ ಪರದೆ ಮುಚ್ಚಲು ಕೈ ಹಾಕಿದ, ನಾನು ಒತ್ತಿಯಾಗಿತ್ತು. ಯಾರೋ ಹೆಣ್ಣು, ಇಂಗ್ಲಿಷಿನಲ್ಲಿ, ನೀವು ಯಾಕೆ ದಾನ ಮಾಡಬೇಕು ಅಂದ್ಕೊಂಡ್ರಿ, ಆಮೇಲೆ ಅವನು, ಅವನ ದನಿ, ಆ ತಡವರಿಸುವ ಮೇಷ್ಟ್ರ ಇಂಗ್ಲಿಷು, ನಾನೂ ನನ್ನ ಹೆಂಡತೀನೂ ಮಗು ಬೇಕು ಅಂತ ಪ್ರಯತ್ನ ಮಾಡ್ತಾ ಇದೀವಿ, ಇನ್ನೂ ಆಗಿಲ್ಲ, ಅವಳು ಪ್ರತಿ ತಿಂಗಳು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅಳ್ತಾಳೆ, ನನಗೆ ಕೇಳಿಸಲ್ಲ ಅಂದ್ಕೊಂಡಿದಾಳೆ, ನಾನು ಬಾಗಿಲ ಆಚೆ ನಿಂತಿರ್ತೀನಿ, ಅವಳ ಅಳು ನಿಲ್ಲಿಸೋಕೆ ನನ್ನ ಕೈಲಿ ಆಗ್ತಿಲ್ಲ, ಎಲ್ಲೋ ಯಾರೋ ಒಬ್ಬಳದ್ದಾದ್ರೂ ನಿಲ್ಲಲಿ ಅಂತ — ಆ ಹೆಣ್ಣಿನ ದನಿ, ಓ, ಎಷ್ಟು ಚೆನ್ನಾಗಿ ಹೇಳಿದ್ರಿ. ಬಿರ್ಟೆಯ ಕೈಯಲ್ಲಿ ಕಾಫಿ ಲೋಟ ಹಾಗೇ ನಿಂತಿತ್ತು, ಅವಳಿಗೆ ಇಂಗ್ಲಿಷ್ ಬರುತ್ತದೆ, ಇದನ್ನು ಕೇಳಿರಲಿಲ್ಲ ಅವಳು, ಲೋಟ ಇಟ್ಟು ಟ್ರೋಲ್ಸ್‌ನನ್ನು ನೋಡಿದಳು, ಏನೋ ಇದು, ನಿಮ್ಮಪ್ಪ ಬಾಯಿಲ್ಲದ ದನಗಳ ಹತ್ರ ಕೆಲಸ ಮಾಡಿದ್ದು, ಅಂದಳು. ನನ್ನ ಅಳು ಅಲ್ಲಿದೆ. ನನ್ನ ಬಾತ್‌ರೂಮು, ನನ್ನ ನಲ್ಲಿ, ಪಾದದ ಅಳತೆಯ ಕೆಳಗೆ, ಬೆಲೆಯ ಪಕ್ಕದಲ್ಲಿ, ಯಾವ ಊರಿನ ಯಾವ ಹೆಣ್ಣು ಬೇಕಾದರೂ ಒತ್ತಿ ಕೇಳಬಹುದು, ಕೇಳಿ ಇವನು ಎಂಥ ಮೃದು ಮನಸ್ಸಿನವನು ಅಂತ ಆರಿಸಿಕೊಳ್ಳಬಹುದು, ನಾಲ್ಕು ಜನ ಆರಿಸಿಕೊಂಡಿದ್ದಾರೆ, ನನ್ನ ಅಳು ಕೇಳಿ ಆರಿಸಿಕೊಂಡಿದ್ದಾರೆ, ಸೊನ್ನೆ ಕ್ರೋನರಿಗೆ ಹೋಯಿತು ಅದೂ. ಕೇಳಿಸ್ತಿತ್ತಾ ನಿನಗೆ? ಹೂಂ. ಬಾಗಿಲು ಯಾಕೆ ತಟ್ಟಲಿಲ್ಲ? ನೀನು ನಲ್ಲಿ ತಿರುಗಿಸಿದ್ದೆ ಮೈಕೆನ್, ಕೇಳಿಸಬಾರದು ಅಂತ ತಾನೆ ತಿರುಗಿಸಿದ್ದು. ಅವನ ಕಣ್ಣಲ್ಲಿ ನೀರು, ನಿಜವಾದ ನೀರು, ಅಳು ನಟಿಸುವುದು ಬರುವುದೇ ಇಲ್ಲ ಅವನಿಗೆ, ಅದೇ ಇನ್ನೂ ಹೇಸಿಗೆ, ಅವನು ಕೆಟ್ಟವನಾಗಿದ್ದಿದ್ದರೆ ಬಾಯಿ ತೊಳೆದುಕೊಂಡು ಎದ್ದು ಹೋಗಬಹುದಿತ್ತು.

ಅದನ್ನ ತೆಗೆಸು, ಅಂದೆ, ಧ್ವನಿ ತೆಗೆಸು, ಫೋಟೋ ತೆಗೆಸು, ಮಂಗಳವಾರ ಹೋಗಬೇಡ. ಸರಿ ಅಂದ. ಈಗ ಬ್ಯಾಂಕಿಗೆ ಬರಿ, ನನ್ನ ಮುಂದೆ. ಬರೆದ, ಮೂರು ಸಾಲು, ಕೌಟುಂಬಿಕ ಕಾರಣಗಳಿಂದ ಅಂತ ಶುರು ಮಾಡಿದ್ದ, ಕೌಟುಂಬಿಕ ಅಲ್ಲ, ನನ್ನ ಹೆಂಡತಿಯ ಅನುಮತಿ ಇಲ್ಲದೆ ಅವಳ ವಿಷಯ ಮಾತಾಡಿದೆ ಅಂತ ಬರಿ ಅಂದೆ, ಅಳಿಸಿ ಬರೆದ, ಕಳಿಸಿದ, ಹೋಯಿತು ಅನ್ನುವ ಆ ಚಿಕ್ಕ ಸದ್ದು. ಆಮೇಲೆ ಗುರುವಾರದ ಮಾತು, ಅದನ್ನು ಬಿರ್ಟೆಯ ಎದುರಿಗೇ ಕೇಳಿದೆ, ನನಗೆ ನಾಚಿಕೆ ಉಳಿದಿರಲಿಲ್ಲ, ಹಸಿರು ಬಟ್ಟಲು ನೋಡಿ ಆ ಕಡೆ ತಿರುಗಿ ಮಲಗೋವಾಗ ಏನು ಅನಿಸ್ತಿತ್ತು ನಿನಗೆ, ಇಲ್ಲಿ ಕೊಟ್ರೆ ಏನೂ ಆಗಲ್ಲ, ಅಲ್ಲಿ ಕೊಟ್ರೆ ಆಗುತ್ತೆ ಅನಿಸ್ತಿತ್ತು, ಅಂದ. ಬಿರ್ಟೆ ಎದ್ದು ಕೋಟು ಹಾಕಿಕೊಂಡಳು, ಬಾಗಿಲ ಹತ್ತಿರ ನನ್ನ ಭುಜ ಹಿಡಿದಳು, ಆ ಗಟ್ಟಿ ಕೈ, ಬಾ ಬೇಕಾದ್ರೆ ನನ್ನ ಮನೇಲಿರು ಒಂದು ವಾರ ಅಂದಳು, ಬರುವುದಿಲ್ಲ ಅಂದೆ, ಆ ಹಜಾರದಲ್ಲಿ ನಾನು ಕೋಟು ತೂಗುಹಾಕಲಾರೆ, ಅದನ್ನು ಹೇಳಲಿಲ್ಲ. ಅವಳು ಹೋದಳು. ನಾನು ಮತ್ತೆ ಮೇಜಿಗೆ ಕೂತೆ, ಇತರೆ ಆದಾಯ, ಆ ಸಾಲನ್ನು ಸೇರಿಸಲಿಲ್ಲ, ಕೆಳಗಿನ ಮನೆ ಕೆಂಪಾಗಿಯೇ ಉಳಿಯಿತು, ಕಾರು ಮಾರೋಣ ಅಂದೆ, ಮಾರೋಣ ಅಂದ, ವಿಮೆ, ತೆರಿಗೆ, ಪೆಟ್ರೋಲು, ಎಲ್ಲ ಸೇರಿ ಎರಡು ಸಾವಿರ ಉಳಿಯಿತು, ಹಾಲಿನ ಮುಂದಿನ ಸೊನ್ನೆ ತೆಗೆದು ಐನೂರು ಹಾಕಿದೆ, ಡಬ್ಬಿ ಹಾಲಿಗೆ, ಆರು ತಿಂಗಳು ಆದ ಮೇಲೆ ನಾನು ಕೆಲಸಕ್ಕೆ ಹೋಗ್ತೀನಿ, ನೀನು ರಜೆ ಹಾಕಿ ಮನೇಲಿರು, ಮಂಗಳವಾರ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಾಟಲಿ ಕಾಯಿಸು ಅಂದೆ, ಅದಕ್ಕೂ ಸರಿ ಅಂದ, ಚಳಿಗಾಲದ ರೆಫರಿ ದುಡ್ಡನ್ನು ತಿಂಗಳುಗಳಿಗೆ ಹಂಚಿದರೆ ಆ ಐನೂರಕ್ಕೆ ಆಯಿತು, ನೂರು ಮಿಕ್ಕಿತು, ಹಸಿರು. ಇಷ್ಟೇ ಆಗಿತ್ತು ಬೇಕಾದದ್ದು, ಒಂದು ಹಳೆಯ ಕಾರು. ಇರುತ್ತೇನೆಯೇ ನಾನು ಇವನ ಜೊತೆ, ಇರುತ್ತೇನೆ ಅನಿಸುತ್ತದೆ, ಈ ವಾರ ಇರುತ್ತೇನೆ, ಅವನು ಸೋಫಾದ ಮೇಲೆ ಮಲಗುತ್ತಾನೆ, ನಾನು ದೀಪ ಉರಿಯುತ್ತಿರುವಾಗಲೇ ಬಟ್ಟೆ ಬದಲಾಯಿಸುತ್ತೇನೆ, ಅಷ್ಟು ಗೊತ್ತಿದೆ.

ಅವನು ಕೆಳಗೆ ಹೋಗಿದ್ದಾನೆ, ಅಂಗಳದಲ್ಲಿ ಗಾಡಿ ಉಜ್ಜುತ್ತಿದ್ದಾನೆ, ಬ್ರಷ್ಷಿನ ಸದ್ದು ಮೇಲಿನವರೆಗೆ, ವಿನೆಗರಿನ ವಾಸನೆಯೂ, ಕಿಟಕಿ ಮುಚ್ಚಿದರೂ ಬರುತ್ತಿದೆ, ಹೊಟ್ಟೆಯಲ್ಲಿ ಒದ್ದಾಟ, ಪಕ್ಕೆಯ ಕೆಳಗೆ, ಹಿಮ್ಮಡಿಯೋ ಮೊಣಕೈಯೋ, ಎಷ್ಟೊಂದು ಜೀವ ಇದಕ್ಕೆ, ಇದೇನೂ ಮಾಡಿಲ್ಲ, ಆ ನಾಲ್ಕೂ ಏನೂ ಮಾಡಿಲ್ಲ, ಎಲ್ಲೋ ತೊಟ್ಟಿಲಲ್ಲಿ, ಯಾರದೋ ತೋಳಲ್ಲಿ ಅಗಲ ಕಿವಿಗಳು, ಅವುಗಳ ಮೇಲೆ ನನಗೆ ಸಿಟ್ಟಿಲ್ಲ, ಅವುಗಳ ತಾಯಂದಿರು ಅಳು ನಿಲ್ಲಿಸಿರಲಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚುತ್ತೇನೆ, ಇದರ ಮುಖ ನೋಡಬೇಕು, ದಿನಾ ನೋಡುತ್ತಿದ್ದೆ, ಬಸ್ಸಿನಲ್ಲಿ ನೋಡುತ್ತಿದ್ದೆ, ಪ್ರಯೋಗಾಲಯದಲ್ಲಿ ನೋಡುತ್ತಿದ್ದೆ, ಈಗ ನನ್ನಪ್ಪನ ಹುಬ್ಬು ಹಾಕಿ ನೋಡುತ್ತೇನೆ, ನಿಲ್ಲುವುದಿಲ್ಲ, ನನ್ನ ಗಲ್ಲ ಹಾಕುತ್ತೇನೆ, ಜಾರುತ್ತದೆ, ಏನಾದರೂ ನನ್ನದು, ಒಂದು ಮಚ್ಚೆಯಾದರೂ, ಬರುವುದು ಸತುವಿನ ತೊಟ್ಟಿ, ಹುಲ್ಲು, ಬಿಸಿಲಿಗೆ ಮುಚ್ಚಿದ ಒಂದು ಕಣ್ಣು, ಕಣ್ಣು ತೆರೆದು ಮತ್ತೆ ಮುಚ್ಚುತ್ತೇನೆ, ಅದೇ ತೊಟ್ಟಿ, ಅದೇ ಕೈ, ಬೆರಳ ಸಂದಿಯಿಂದ ಕರಗಿ ಇಳಿಯುತ್ತಿರುವ ಬಿಸ್ಕತ್ತು, ತಗೋ, ನನಗಲ್ಲ, ಯಾರು ಎದುರಿಗೆ ನಿಂತರೆ ಅವರಿಗೆ, ತಗೋ, ಆ ಒದ್ದೆ ಬಿಸ್ಕತ್ತು, ಚಾಚಿಕೊಂಡೇ ಇದೆ, ಕೈ ಇಳಿಯುವುದಿಲ್ಲ, ತಗೋ —